ಕಡಿಮೆ ಬಜೆಟ್‌ನಲ್ಲಿ ಮನೆಗೊಂದು ಪ್ರಿಂಟರ್: ಪುಟ ಎಣಿಸಿ, ದಿನವನ್ನೂ ಎಣಿಸಿ

ನಮ್ಮ ಮನೆಯ ಮೊದಲ ಪ್ರಿಂಟರ್ ಕೆಲಸ ಮಾಡಿ ಮಾಡಿ ಸವೆದು ಹೋಗಲಿಲ್ಲ. ಸುಮ್ನೆ ಕೂತು ಕೂತೇ ಕೆಟ್ಟಿತು. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಒಂದರಲ್ಲೇ ಇರುವ ಮೆಷಿನ್, ಅದರಲ್ಲೂ ನೋಡಿದವುಗಳಲ್ಲೆಲ್ಲ ಕಡಿಮೆ ಬೆಲೆಯದು ಅಂತ ಖುಷಿಯಿಂದ ತಂದಿದ್ದೆವು. ಒಳಗೆ ಎರಡು ಪುಟ್ಟ ಕಾರ್ಟ್ರಿಜ್, ಒಂದು ಕಪ್ಪು, ಇನ್ನೊಂದು ಮೂರು ಬಣ್ಣದ್ದು. ಮೊದಲ ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ನಮಗೆ ಬೇಕಾದದ್ದು ಬರೀ ಕಪ್ಪು ಅಕ್ಷರದ ಪುಟಗಳು, ಅದೂ ಯಾವಾಗಲೋ ಒಮ್ಮೆ. ಒಂದು ರಾತ್ರಿ ಮಗಳಿಗೆ ಶಾಲೆಗೆ ಒಯ್ಯಲು ನಕ್ಷೆ ಬೇಕಾಯಿತು. ಪ್ರಿಂಟ್ ಕೊಟ್ಟೆ. ಸಮುದ್ರ ಸರಿಯಾಗಿ ನೀಲಿ ಬಂತು. ಕಾಡು ಇರುವ ಕಡೆಯೂ ತಿಳಿ ನೀಲಿಯೇ ಬಂತು. ಮರುಭೂಮಿ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಕಾಗದ. ಹಳದಿ ಪೂರ್ತಿ ನಿಂತುಹೋಗಿತ್ತು.

ಹೆಡ್, ಅಂದರೆ ಕಾಗದದ ಮೇಲೆ ಇಂಕ್ ಚಿಮ್ಮಿಸುವ ಭಾಗ, ಅದಕ್ಕೆ ಕ್ಲೀನಿಂಗ್ ಕೊಟ್ಟೆ. ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ಸಲವೂ ಒಳಗೆ ಗರಗರ ಸದ್ದು, ಆಮೇಲೆ ಒಂದು ಟೆಸ್ಟ್ ಪುಟ. ಕ್ಲೀನಿಂಗ್ ಅಂದರೆ ಮೆಷಿನ್ ಇಂಕನ್ನೇ ಹೆಡ್ ಮೂಲಕ ಎಳೆದು ಹೊರಗೆ ಹಾಕುವುದು ಅಂತ ಆಗ ನನಗೆ ಗೊತ್ತಿರಲಿಲ್ಲ. ಮೂರನೇ ಸಲಕ್ಕೂ ಹಳದಿ ಬರಲಿಲ್ಲ, ಇದ್ದ ನೀಲಿಯೂ ಖಾಲಿ ಆಯಿತು. ಹೊಸ ಸೆಟ್ ಕೇಳಿದರೆ ಮೆಷಿನ್ ಬೆಲೆಯ ಅರ್ಧಕ್ಕೆ ಹತ್ತಿರ! ತಂದೆವು. ಆರು ತಿಂಗಳಿಗೆ ಮತ್ತೆ ಅದೇ ಕಥೆ. ಕೊನೆಗೊಂದು ದಿನ ಒಂದು ಅರ್ಜಿಯನ್ನು ಸ್ಕ್ಯಾನ್ ಮಾಡಲು ಹೋದರೆ ಇಂಕ್ ಇಲ್ಲ ಅಂತ ಹೇಳಿ ಸ್ಕ್ಯಾನ್‌ಗೂ ಒಪ್ಪಲಿಲ್ಲ. ಸ್ಕ್ಯಾನ್ ಮಾಡಲು ಇಂಕ್ ಯಾಕೆ ಬೇಕು ಹೇಳಿ? ಮುಂದಿನ ಪ್ರಿಂಟರನ್ನು ಲೆಕ್ಕ ಹಾಕಿಯೇ ಕೊಳ್ಳಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಈಗ ಎರಡನೇ ಮೆಷಿನ್ ಬಂದು ಎರಡೂವರೆ ವರ್ಷ ಆಗಿದೆ. ಇದು ಇಂಕ್ ಟ್ಯಾಂಕ್ ಇರುವ ಆಲ್-ಇನ್-ಒನ್, ಅಂದರೆ ಕಾರ್ಟ್ರಿಜ್ ಬದಲು ಬಾಟಲಿಯಿಂದ ಇಂಕ್ ಸುರಿದು ತುಂಬುವಂಥದ್ದು. ಮಾಡೆಲ್ ನಂಬರ್ ಬರೆಯುವುದಿಲ್ಲ, ಯಾಕೆಂದರೆ ಒಂದೇ ಮೆಷಿನ್ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ನಂಬರಿನಲ್ಲಿ ಮಾರಾಟ ಆಗುತ್ತದೆ, ಸ್ವಲ್ಪ ದಿನ ಕಳೆದರೆ ಅದೂ ಹೋಗಿ ಇನ್ನೊಂದು ಬಂದಿರುತ್ತದೆ. ಇದನ್ನು ಯಾಕೆ ಆರಿಸಿದೆ, ಬಳಸುವಾಗ ಏನು ಚೆನ್ನಾಗಿದೆ, ಏನು ಸರಿಯಿಲ್ಲ ಅನ್ನುವುದನ್ನು ಹೇಳುತ್ತೇನೆ, ಅದು ನಿಮಗೆ ಯಾವ ಮಾಡೆಲ್ ನೋಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಕೊಳ್ಳುವ ಮೊದಲು ಒಂದು ತಿಂಗಳು ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ. ಮನೆಯಲ್ಲಿ ಯಾರಿಗೆ ಏನು ಪ್ರಿಂಟ್ ಬೇಕಾದರೂ ಹೊರಗೆ ಹೋಗಿ ತೆಗೆಸುತ್ತಿದ್ದೆವಲ್ಲ, ಪ್ರತಿ ಸಲ ತಾರೀಕು, ಎಷ್ಟು ಪುಟ, ಕಪ್ಪೋ ಬಣ್ಣವೋ ಅಂತ ಬರೆದಿಡುವುದು. ಸ್ಕ್ಯಾನ್ ಮತ್ತು ಜೆರಾಕ್ಸ್ ಕೂಡ. ಅಷ್ಟು ಹೊತ್ತಿಗೆ ಮಗಳ ಅಭ್ಯಾಸದ ಹಾಳೆಗಳು ಜಾಸ್ತಿ ಆಗಿದ್ದವು, ನನ್ನ ಕೆಲಸದ ಕಾಗದಗಳೂ ಮನೆಯಿಂದಲೇ ಹೋಗುತ್ತಿದ್ದವು. ತಿಂಗಳ ಕೊನೆಗೆ ಕೂಡಿಸಿದರೆ 132 ಪುಟ. ಅದರಲ್ಲಿ 118 ಕಪ್ಪು, 14 ಬಣ್ಣ. ಒಟ್ಟು ಸಂಖ್ಯೆ ನಾನು ಅಂದುಕೊಂಡಷ್ಟೇ ಇತ್ತು. ತಾರೀಕುಗಳನ್ನು ನೋಡಿದಾಗ ಮಾತ್ರ ಕಣ್ಣು ತೆರೆಯಿತು. ಕಪ್ಪು ಪುಟ ಎರಡು ಮೂರು ದಿನಕ್ಕೊಮ್ಮೆ ಬೇಕಾಗಿತ್ತು. ಬಣ್ಣದ 14 ಪುಟ ಮಾತ್ರ ಎರಡೇ ದಿನದಲ್ಲಿ ತೆಗೆಸಿದ್ದು, ನಡುವೆ 19 ದಿನದ ಅಂತರ. ನಮ್ಮ ಹಳೇ ಪ್ರಿಂಟರಿನ ಹಳದಿ ಒಣಗಿದ್ದು ಇಂಥ ಅಂತರಗಳಲ್ಲೇ. ತಿಂಗಳಿಗೆ ಎಷ್ಟು ಪುಟ ಅಂತ ಎಲ್ಲರೂ ಕೇಳುತ್ತಾರೆ, ಎಷ್ಟು ದಿನಕ್ಕೊಮ್ಮೆ ಅಂತ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಬಜೆಟ್ ಪ್ರಿಂಟರ್ ಆರಿಸುವಾಗ ಎರಡನೆಯ ಪ್ರಶ್ನೆಯೇ ದೊಡ್ಡದು.

ಮೊದಲು ಪುಟದ ಲೆಕ್ಕ ಮುಗಿಸಿಬಿಡೋಣ. ಒಂದು ಪ್ರಿಂಟರ್ ಮೂರು ವರ್ಷ ಬಾಳುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 118 ಕಪ್ಪು ಪುಟ ಅಂದರೆ 36 ತಿಂಗಳಿಗೆ 4,248. ಅಗ್ಗದ ಮೆಷಿನ್‌ಗೆ ಹಾಕುವ ಚಿಕ್ಕ ಕಪ್ಪು ಕಾರ್ಟ್ರಿಜ್‌ನಲ್ಲಿ ಸಾಮಾನ್ಯವಾಗಿ 100ರಿಂದ 200 ಪುಟ ಬರುತ್ತದೆ. 150 ಅಂತ ಹಿಡಿದರೂ 29 ಕಾರ್ಟ್ರಿಜ್ ಬೇಕು. ಟ್ಯಾಂಕ್ ಪ್ರಿಂಟರಿನ ಒಂದು ಕಪ್ಪು ಬಾಟಲಿಗೆ ಕಂಪನಿಗಳು ಹೇಳುವ ಲೆಕ್ಕ 4,500ರಿಂದ 6,000 ಪುಟದ ಆಸುಪಾಸು. ಅಂದರೆ ಆ ಕಡೆ 29 ಕಾರ್ಟ್ರಿಜ್, ಈ ಕಡೆ ಒಂದು ಬಾಟಲಿ, ಹೆಚ್ಚೆಂದರೆ ಎರಡು. ನಿಮ್ಮಲ್ಲಿ ಬೆಲೆ ಎಷ್ಟೇ ಇರಲಿ, ಕಾರ್ಟ್ರಿಜ್ ಬೆಲೆಯನ್ನು ಅದರ ಪುಟದಿಂದ ಭಾಗಿಸಿ, ಬಾಟಲಿ ಬೆಲೆಯನ್ನು ಅದರ ಪುಟದಿಂದ ಭಾಗಿಸಿ. ಮೆಷಿನ್ ಬೆಲೆ ನೋಡುವ ಮೊದಲು ಈ ಎರಡು ಸಂಖ್ಯೆ ಕೈಯಲ್ಲಿರಲಿ. ಮೆಷಿನ್ ಅಗ್ಗವಾಗಿ ಕೊಟ್ಟು ಇಂಕಿನಲ್ಲಿ ದುಡ್ಡು ಮಾಡುವುದು ಈ ವ್ಯಾಪಾರದ ಹಳೇ ಲೆಕ್ಕ. ಟ್ಯಾಂಕ್ ಮೆಷಿನ್‌ನಲ್ಲಿ ಅದು ತಿರುಗುಮುರುಗು, ಮೆಷಿನ್‌ಗೆ ಮೊದಲೇ ಜಾಸ್ತಿ ಕೊಡುತ್ತೀರಿ, ಇಂಕಿಗೆ ಕಡಿಮೆ.

ಬಾಕ್ಸ್ ಮೇಲಿರುವ ಪುಟದ ಸಂಖ್ಯೆಯನ್ನು ಹೇಗೆ ಓದಬೇಕು ಅನ್ನುವುದೂ ಗೊತ್ತಿರಲಿ. ಅದು ಸುಳ್ಳಲ್ಲ, ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಬಣ್ಣದ ಇಂಕ್‌ಜೆಟ್‌ಗೆ, ಅಂದರೆ ದ್ರವ ಇಂಕ್ ಬಳಸುವ ಮೆಷಿನ್‌ಗೆ, ಐಎಸ್‌ಒ/ಐಇಸಿ 24711, ಕಪ್ಪು ಲೇಸರ್‌ನಲ್ಲಿ ಇಂಕಿನ ಬದಲು ಇರುವ ಟೋನರ್ ಪುಡಿಗೆ 19752. ಆದರೆ ಆ ಪರೀಕ್ಷೆಯಲ್ಲಿ ಗೊತ್ತುಪಡಿಸಿದ ಪುಟಗಳನ್ನೇ ಒಂದರ ಹಿಂದೆ ಒಂದು ತೆಗೆಯುತ್ತಾ ಹೋಗುತ್ತಾರೆ. ಮನೆಯಲ್ಲಿ ಹಾಗೆ ಆಗುವುದಿಲ್ಲ ಅಲ್ವಾ? ಎರಡು ಪುಟ ತೆಗೆದು ಮೂರು ದಿನ ಬಿಡುತ್ತೇವೆ, ಮತ್ತೆ ಆನ್ ಮಾಡಿದಾಗ ಮೆಷಿನ್ ತಾನಾಗಿಯೇ ಸ್ವಲ್ಪ ಕ್ಲೀನಿಂಗ್ ಮಾಡಿಕೊಳ್ಳುತ್ತದೆ, ಆ ಇಂಕ್ ಯಾವ ಪುಟಕ್ಕೂ ಬರುವುದಿಲ್ಲ. ಅದರ ಮೇಲೆ ಹೊಸ ಮೆಷಿನ್ ಜೊತೆ ಬರುವ ಕಾರ್ಟ್ರಿಜ್ ಅಥವಾ ಟೋನರ್ ಎಷ್ಟೋ ಸಲ ಪೂರ್ತಿ ತುಂಬಿದ್ದಲ್ಲ, ಶುರು ಮಾಡಲಿ ಅಂತ ಕೊಟ್ಟ ಕಡಿಮೆ ಪುಟದ್ದು. ಮೂರು ಬಣ್ಣ ಒಂದೇ ಡಬ್ಬಿಯಲ್ಲಿರುವ ಕಾರ್ಟ್ರಿಜ್ ಆದರೆ ಇನ್ನೂ ನಷ್ಟ. ಒಂದು ಬಣ್ಣ ಮುಗಿದರೂ ಉಳಿದೆರಡನ್ನು ಇಂಕ್ ಸಮೇತ ಎಸೆಯಬೇಕು.

ಈಗ ದಿನದ ಲೆಕ್ಕ. ಇದಕ್ಕೆ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿಯಬೇಕು. ಇಂಕ್‌ಜೆಟ್ ಹೆಡ್‌ನಲ್ಲಿ ಕೂದಲಿಗಿಂತ ಸಣ್ಣ ನೂರಾರು ತೂತುಗಳಿವೆ. ಎಚ್‌ಪಿ, ಕ್ಯಾನನ್ ಮೆಷಿನ್‌ಗಳು ಆ ತೂತಿನ ಹಿಂದಿರುವ ಇಂಕನ್ನು ಕ್ಷಣದಲ್ಲಿ ಕಾಯಿಸಿ, ಗುಳ್ಳೆ ಎಬ್ಬಿಸಿ, ಹನಿಯನ್ನು ಹೊರಗೆ ತಳ್ಳುತ್ತವೆ. ಎಪ್ಸನ್, ಬ್ರದರ್‌ನಲ್ಲಿ ವಿದ್ಯುತ್ ಕೊಟ್ಟಾಗ ಬಾಗುವ ಪುಟ್ಟ ಪೀಜೋ ತುಣುಕು ಇಂಕನ್ನು ಒತ್ತಿ ಹೊರಹಾಕುತ್ತದೆ. ಎರಡೂ ಒಳ್ಳೆಯ ವಿಧಾನವೇ, ಮನೆ ಬಳಕೆಗೆ ಅದರಲ್ಲಿ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ. ಎರಡರಲ್ಲೂ ಇಂಕ್ ನೀರಿನಂಥ ದ್ರವ, ಬಳಸದೆ ಬಿಟ್ಟರೆ ತೂತಿನ ಬಾಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಇಲ್ಲಿ ಕಾರ್ಟ್ರಿಜ್ ಮೆಷಿನ್‌ಗೆ ಒಂದು ಅನುಕೂಲ ಇದೆ, ಅದನ್ನೂ ಹೇಳಬೇಕು. ಅಗ್ಗದ ಎಷ್ಟೋ ಮೆಷಿನ್‌ಗಳಲ್ಲಿ ಹೆಡ್ ಕಾರ್ಟ್ರಿಜ್‌ನ ತಳದಲ್ಲೇ ಇರುತ್ತದೆ, ಹೊಸ ಕಾರ್ಟ್ರಿಜ್ ಹಾಕಿದರೆ ಹೊಸ ಹೆಡ್ ಬಂದಂತೆ. ಟ್ಯಾಂಕ್ ಮೆಷಿನ್‌ನಲ್ಲಿ ಹೆಡ್ ಒಳಗೇ ಉಳಿಯುತ್ತದೆ. ಅದು ಪೂರ್ತಿ ಕಟ್ಟಿಕೊಂಡರೆ ಕೆಲವು ಮಾಡೆಲ್‌ಗಳಲ್ಲಿ ನಾವೇ ಹೆಡ್ ಬದಲಿಸಬಹುದು, ಕೆಲವದಕ್ಕೆ ಸರ್ವಿಸ್‌ನವರೇ ಬರಬೇಕು, ಖರ್ಚು ದೊಡ್ಡದು. ಟ್ಯಾಂಕ್ ಮೆಷಿನ್ ಕೊಳ್ಳುವ ಮೊದಲು ಹೆಡ್ ಬಿಡಿಯಾಗಿ ಸಿಗುತ್ತದೆಯೇ, ನಾವೇ ಹಾಕಬಹುದೇ ಅಂತ ಕೇಳಿ. ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕೇ ಸರಿಯಾದ ಉತ್ತರ ಸಿಗಲು ಅತಿ ಹೆಚ್ಚು ಹೊತ್ತು ಹಿಡಿದದ್ದು.

ಟ್ಯಾಂಕ್ ಪ್ರಿಂಟರ್ ಬಂದ ಕಥೆಯೂ ಚೆನ್ನಾಗಿದೆ. ಕಾರ್ಟ್ರಿಜ್ ಬೆಲೆ ತಾಳಲಾರದೆ ಜನ ತಾವೇ ಪ್ರಿಂಟರ್ ಪಕ್ಕದಲ್ಲಿ ಇಂಕ್ ಡಬ್ಬಿಗಳನ್ನಿಟ್ಟು ಪೈಪ್ ಎಳೆದು ಒಳಗೆ ಜೋಡಿಸಿಕೊಳ್ಳುತ್ತಿದ್ದರು. ಎಪ್ಸನ್ ಅದನ್ನೇ ಕಾರ್ಖಾನೆಯಲ್ಲಿ ಮಾಡಿ 2010ರಲ್ಲಿ ಮೊದಲು ಇಂಡೋನೇಷ್ಯಾದಲ್ಲಿ ಮಾರಾಟಕ್ಕೆ ತಂದಿತು, ಈಗ ಇಕೋಟ್ಯಾಂಕ್ ಅನ್ನುವುದು ಅದನ್ನೇ. ಆಮೇಲೆ ಕ್ಯಾನನ್ ಮೆಗಾಟ್ಯಾಂಕ್, ಎಚ್‌ಪಿ ಸ್ಮಾರ್ಟ್ ಟ್ಯಾಂಕ್, ಬ್ರದರ್‌ನ ಟ್ಯಾಂಕ್ ಮೆಷಿನ್‌ಗಳು ಬಂದವು. ಬಳಸುವವರೇ ದಾರಿ ತೋರಿಸಿದ ಮೇಲೆ ಕಂಪನಿಗಳು ಬಂದವು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಲೇಸರ್ ಬೇರೆಯೇ ಜಾತಿ. ಅದರಲ್ಲಿ ದ್ರವವೇ ಇಲ್ಲ. ಟೋನರ್ ಅಂದರೆ ನಯವಾದ ಪ್ಲಾಸ್ಟಿಕ್ ಪುಡಿ, ಅದು ಒಳಗಿರುವ ಡ್ರಮ್ ಅನ್ನುವ ಉರುಳೆಯ ಮೇಲಿಂದ ಕಾಗದಕ್ಕೆ ಬಂದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ರೋಲರ್ ನಡುವೆ ಹಾದು ಕರಗಿ ಅಂಟುತ್ತದೆ. ಪುಡಿ ಒಣಗುವ ಪ್ರಶ್ನೆಯೇ ಇಲ್ಲ. ಆರು ತಿಂಗಳು ಮುಟ್ಟದೆ ಬಿಟ್ಟು ಬಂದು ಆನ್ ಮಾಡಿದರೂ ಮೊದಲ ಪುಟವೇ ಸ್ಪಷ್ಟವಾಗಿ ಬರುತ್ತದೆ, ನೀರು ಬಿದ್ದರೂ ಅಕ್ಷರ ಕದಡುವುದಿಲ್ಲ. ಕೊರತೆಗಳೂ ಇವೆ. ಕಡಿಮೆ ಬಜೆಟ್‌ನಲ್ಲಿ ಸಿಗುವುದು ಕಪ್ಪು ಮಾತ್ರ, ಬಣ್ಣದ ಲೇಸರ್‌ಗೆ ನಾಲ್ಕು ಟೋನರ್ ಕೊಳ್ಳುವಾಗ ಕೈ ಸುಡುತ್ತದೆ. ರೋಲರ್ ಕಾಯುವ ಹೊತ್ತಿನಲ್ಲಿ ನೂರಾರು ವ್ಯಾಟ್ ವಿದ್ಯುತ್ ಒಮ್ಮೆಲೇ ಎಳೆಯುತ್ತದೆ, ಹಾಗಾಗಿ ಮನೆಯ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬಾರದು. ಇಂಕ್‌ಜೆಟ್‌ಗೆ ಪ್ರಿಂಟ್ ಮಾಡುವಾಗಲೂ ಹತ್ತಿಪ್ಪತ್ತು ವ್ಯಾಟ್ ಸಾಕು. ಕೆಲವು ಲೇಸರ್‌ಗಳಲ್ಲಿ ಟೋನರ್ ಬೇರೆ, ಡ್ರಮ್ ಬೇರೆ, ಡ್ರಮ್ಮಿಗೂ ಆಯಸ್ಸು ಇದೆ. ಪುಟದ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಹಾಗಾಗಿ ನನ್ನ ತೀರ್ಮಾನ ಹೀಗೆ. ವಾರಕ್ಕೊಮ್ಮೆಯಾದರೂ ಪ್ರಿಂಟ್ ತೆಗೆಯುತ್ತೀರಿ, ಬಣ್ಣವೂ ಆಗಾಗ ಬೇಕು ಅಂದರೆ ಇಂಕ್ ಟ್ಯಾಂಕ್. ತಿಂಗಳುಗಟ್ಟಲೆ ಮುಟ್ಟುವುದಿಲ್ಲ, ಬೇಕಾದಾಗ ಅಕ್ಷರದ ಪುಟ ಬಂದರೆ ಸಾಕು ಅಂದರೆ ಕಪ್ಪು ಲೇಸರ್ ಆಲ್-ಇನ್-ಒನ್, ಅದರಲ್ಲೂ ಸ್ಕ್ಯಾನರ್ ಬಣ್ಣದ್ದೇ ಇರುತ್ತದೆ, ಹಾಗಾಗಿ ಬಣ್ಣದ ಕಾಗದ ಸ್ಕ್ಯಾನ್ ಮಾಡಲು ತೊಂದರೆ ಇಲ್ಲ. ಬಣ್ಣದ ಪುಟ ಅಪರೂಪಕ್ಕೆ ಬೇಕಾದರೆ ಹೊರಗೆ ತೆಗೆಸಿ. ಚಿಕ್ಕ ಕಾರ್ಟ್ರಿಜ್ ಮೆಷಿನ್ ಯಾರಿಗೆ ಅಂದರೆ, ಪುಟ ತೀರಾ ಕಡಿಮೆ, ಆದರೆ ಬಣ್ಣ ಬೇಕೇ ಬೇಕು, ಮೊದಲು ಕೊಡಲು ಕೈಯಲ್ಲಿ ದುಡ್ಡು ಕಡಿಮೆ ಇದೆ ಅನ್ನುವವರಿಗೆ ಮಾತ್ರ. ಅಂಥವರು ಕಾರ್ಟ್ರಿಜ್‌ನಲ್ಲೇ ಹೆಡ್ ಇರುವುದನ್ನು ನೋಡಿ ತಗೊಳ್ಳಿ. ನಮ್ಮ ಮನೆಗೆ ಟ್ಯಾಂಕ್ ಹೊಂದಿತು, ಅದೂ ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತೇನೆ ಅಂತ ನಾನು ಒಪ್ಪಿಕೊಂಡ ಮೇಲೆ.

ಸ್ಕ್ಯಾನರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕೊಳ್ಳುವಾಗ ಅದನ್ನು ಯಾರೂ ನೋಡುವುದಿಲ್ಲ, ಬಳಸುವಾಗ ಮಾತ್ರ ದಿನಾ ಬೇಕು. ಬಾಕ್ಸ್ ಮೇಲೆ ದೊಡ್ಡ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ) ಸಂಖ್ಯೆ ಇದ್ದರೆ ಮರುಳಾಗಬೇಡಿ. ಆಪ್ಟಿಕಲ್, ಅಂದರೆ ಸೆನ್ಸರ್ ನಿಜವಾಗಿ ಓದುವುದು, ಎಷ್ಟು ಅಂತ ಮಾತ್ರ ನೋಡಿ, ಉಳಿದದ್ದು ಸಾಫ್ಟ್‌ವೇರ್ ಹಿಗ್ಗಿಸಿದ ಸಂಖ್ಯೆ. ಕಾಗದಪತ್ರಕ್ಕೆ 300 ಡಿಪಿಐ ಸಾಕು, ಎ4 ಹಾಳೆ ಆಗ 2,480 × 3,508 ಪಿಕ್ಸೆಲ್ ಬರುತ್ತದೆ, ಸಣ್ಣ ಅಕ್ಷರವೂ ಓದಲು ಬರುತ್ತದೆ. ಹಳೇ ಫೋಟೋಗೆ 600. ಅದಕ್ಕಿಂತ ಮೇಲೆ ಹೋದರೆ ಫೈಲ್ ದೊಡ್ಡದಾಗುತ್ತದೆ, ಹೊತ್ತು ಹಿಡಿಯುತ್ತದೆ, ಕಣ್ಣಿಗೆ ಹೊಸದೇನೂ ಕಾಣುವುದಿಲ್ಲ. ಇನ್ನೊಂದು, ಬಜೆಟ್ ಮೆಷಿನ್‌ಗಳಲ್ಲಿ ಇರುವುದು ಸಿಐಎಸ್ ಅನ್ನುವ ತೆಳು ಸೆನ್ಸರ್. ಗಾಜಿಗೆ ಅಂಟಿಕೊಂಡಿರುವುದನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಸ್ವಲ್ಪ ಮೇಲೆದ್ದರೂ ಮಸುಕು ಮಾಡುತ್ತದೆ. ದಪ್ಪ ಪುಸ್ತಕ ತೆರೆದಿಟ್ಟು ಸ್ಕ್ಯಾನ್ ಮಾಡಿ ನೋಡಿ, ನಡುವಿನ ಮಡಿಕೆಯ ಹತ್ತಿರ ಅಕ್ಷರ ಕರಗಿ ಕಪ್ಪು ನೆರಳಾಗಿರುತ್ತದೆ. ಮುಚ್ಚಳದ ಕೀಲು ಮೇಲಕ್ಕೆ ಎದ್ದು ಪುಸ್ತಕದ ಮೇಲೆ ಸಮವಾಗಿ ಕೂರುವಂತಿದ್ದರೆ ಎಷ್ಟೋ ವಾಸಿ. ನಾನು ಕೊಳ್ಳುವಾಗ ಮುಚ್ಚಳ ಎತ್ತಿ ಕೀಲನ್ನು ಕೈಯಿಂದ ಎಳೆದು ನೋಡಿಯೇ ತಂದದ್ದು.

ತೆಳು ಕಾಗದದ ಎರಡೂ ಬದಿ ಅಕ್ಷರ ಇದ್ದರೆ ಹಿಂಬದಿಯದೂ ನೆರಳಿನಂತೆ ಸ್ಕ್ಯಾನ್‌ನಲ್ಲಿ ಬರುತ್ತದೆ. ಅದಕ್ಕೆ ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಡಿ, ನೆರಳು ಹೋಗುತ್ತದೆ. ಆಮೇಲೆ ಗಾಜಿನ ಉದ್ದ. ಬಜೆಟ್ ಮೆಷಿನ್‌ಗಳ ಗಾಜು ಸಾಮಾನ್ಯವಾಗಿ ಎ4 ಅಳತೆಗೆ, ಅಂದರೆ 210 × 297 ಮಿಲಿಮೀಟರ್‌ಗೆ ಸರಿಯಾಗಿರುತ್ತದೆ. ಅದಕ್ಕಿಂತ ಉದ್ದದ ಲೀಗಲ್ ಹಾಳೆ ಅದರ ಮೇಲೆ ಹಿಡಿಸುವುದಿಲ್ಲ, ಎರಡು ಸಲ ಸ್ಕ್ಯಾನ್ ಮಾಡಿ ಜೋಡಿಸಬೇಕಾಗುತ್ತದೆ. ನಿಮಗೆ ಇಂಥ ಕಾಗದಗಳೇ ಜಾಸ್ತಿ ಬರುತ್ತಿದ್ದರೆ ಮೇಲೆ ಹಾಳೆ ಎಳೆದುಕೊಳ್ಳುವ ಎಡಿಎಫ್ ಇರುವ ಮೆಷಿನ್ ನೋಡಿ, ಅದು ಉದ್ದ ಹಾಳೆಯನ್ನೂ ತೆಗೆದುಕೊಳ್ಳುತ್ತದೆಯೇ ಅಂತ ಕೇಳಿ. ನಾನು ಎಡಿಎಫ್ ಬಿಟ್ಟೆ. ಬಿಟ್ಟದ್ದಕ್ಕೆ ಒಮ್ಮೆ ಬೇಸರವೂ ಆಯಿತು, 46 ಪುಟದ ಒಂದು ಕಡತವನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು ಮುಚ್ಚಿ ತೆಗೆದು ಮುಗಿಸುವಷ್ಟರಲ್ಲಿ ಸಂಜೆಯೇ ಕಳೆಯಿತು. ಆದರೆ ಅಂಥ ದಿನ ಎರಡೂವರೆ ವರ್ಷದಲ್ಲಿ ಎರಡು ಸಲ ಬಂದಿದೆ, ಅಷ್ಟೇ.

ಎಡಿಎಫ್ ಬಿಟ್ಟ ದುಡ್ಡಿನಲ್ಲಿ ತಾನಾಗಿಯೇ ಎರಡೂ ಬದಿ ಪ್ರಿಂಟ್ ಮಾಡುವ ಡ್ಯುಪ್ಲೆಕ್ಸ್ ಇರುವುದನ್ನು ತೆಗೆದುಕೊಂಡೆ. ಅದು ಒಳ್ಳೆಯ ನಿರ್ಧಾರ ಆಯಿತು. ಮಗಳ ಹಾಳೆಗಳಿಗೆ ಕಾಗದ ಅರ್ಧಕ್ಕೆ ಇಳಿದಿದೆ. ಒಂದು ಬದಿ ಪ್ರಿಂಟ್ ಆದ ಮೇಲೆ ಇಂಕ್ ಒಣಗಲಿ ಅಂತ ಮೆಷಿನ್ ಸ್ವಲ್ಪ ನಿಲ್ಲುತ್ತದೆ, ಆಮೇಲೆ ಹಾಳೆಯನ್ನು ಮತ್ತೆ ಒಳಗೆಳೆದು ತಿರುಗಿಸುತ್ತದೆ, ಹಾಗಾಗಿ ನಿಧಾನ. ಅವಸರ ಇದ್ದಾಗ ಒಂದೇ ಬದಿ ತೆಗೆಯುತ್ತೇನೆ.

ವೇಗದ ಬಗ್ಗೆ ಮನೆ ಬಳಕೆಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮದು ಕಪ್ಪು ನಿಮಿಷಕ್ಕೆ ಹತ್ತು ಪುಟದ ಹತ್ತಿರ, ಬಣ್ಣ ಅದರ ಅರ್ಧ. ಸಾಕು.

ವೈಫೈ ವಿಷಯದಲ್ಲಿ ಮಾತ್ರ ಒಂದು ವಾರ ಒದ್ದಾಡಿದೆ, ಅದನ್ನು ಹೇಳಿದರೆ ನಿಮಗೆ ಆ ವಾರ ಉಳಿಯುತ್ತದೆ. ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಸೆಟಪ್ ಮಾಡುವಾಗ ಫೋನ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಹುಡುಕುತ್ತಾ ಒಂದಕ್ಕೊಂದು ಸಿಗುವುದೇ ಇಲ್ಲ. ಸೆಟಪ್ ಮುಗಿಯುವ ತನಕ ರೂಟರಿನಲ್ಲಿ 5 ಆಫ್ ಮಾಡಿ, ಇಲ್ಲವೇ 2.4ಕ್ಕೆ ಬೇರೆ ಹೆಸರು ಕೊಡಿ. ಆಮೇಲೂ ಕೆಲವು ದಿನಕ್ಕೊಮ್ಮೆ ಕಂಪ್ಯೂಟರ್ ಪ್ರಿಂಟರ್ ಆಫ್‌ಲೈನ್ ಅಂತ ಹೇಳುತ್ತಿತ್ತು. ರೂಟರ್ ಪ್ರತಿ ಸಲ ಪ್ರಿಂಟರ್‌ಗೆ ಹೊಸ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಡುತ್ತಿದ್ದದ್ದೇ ಕಾರಣ. ರೂಟರ್ ಸೆಟ್ಟಿಂಗ್‌ನಲ್ಲಿ ಪ್ರಿಂಟರ್‌ಗೆ ಒಂದೇ ವಿಳಾಸ ಕಾಯಂ ಮಾಡಿದ ಮೇಲೆ ಒಂದು ಸಲವೂ ಆ ತೊಂದರೆ ಬಂದಿಲ್ಲ. ಐಫೋನ್‌ಗೆ ಏರ್‌ಪ್ರಿಂಟ್, ಆಂಡ್ರಾಯ್ಡ್‌ಗೆ ಮೋಪ್ರಿಯಾ ಅಂತ ಬಾಕ್ಸ್ ಮೇಲೆ ಇದೆಯೇ ನೋಡಿ. ಇದ್ದರೆ ಕಂಪನಿಯ ಆ್ಯಪ್ ಇಲ್ಲದೆಯೂ ಪ್ರಿಂಟ್ ಹೋಗುತ್ತದೆ, ಮುಂದೆ ಕಂಪನಿ ಆ್ಯಪ್ ನಿಲ್ಲಿಸಿದರೂ ಮೆಷಿನ್ ಉಪಯೋಗಕ್ಕೆ ಉಳಿಯುತ್ತದೆ. ಯುಎಸ್‌ಬಿ ಪೋರ್ಟ್ ಇರುವುದನ್ನೇ ತಗೊಳ್ಳಿ, ವೈಫೈ ಕೈಕೊಟ್ಟ ದಿನ ಅದೇ ಗತಿ. ಕೇಬಲ್ ಬಾಕ್ಸ್‌ನಲ್ಲಿ ಇರುತ್ತದೆ ಅಂತ ಅಂದುಕೊಳ್ಳಬೇಡಿ, ಎಷ್ಟೋ ಸಲ ಇರುವುದಿಲ್ಲ.

ಬಾಕ್ಸ್ ಮೇಲಿನ ಸಣ್ಣ ಅಕ್ಷರ ಓದಲೇಬೇಕಾದದ್ದು ಇಂಕ್ ಷರತ್ತಿಗಾಗಿ. ಕೆಲವು ಮೆಷಿನ್‌ಗಳ ಕಾರ್ಟ್ರಿಜ್‌ನಲ್ಲಿ ಚಿಪ್ ಇರುತ್ತದೆ, ಬೇರೆ ಕಂಪನಿಯ ಕಾರ್ಟ್ರಿಜ್ ಹಾಕಿದರೆ ಮೆಷಿನ್ ಒಪ್ಪುವುದಿಲ್ಲ. ಇವತ್ತು ಒಪ್ಪಿದರೂ ಫರ್ಮ್‌ವೇರ್, ಅಂದರೆ ಮೆಷಿನ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಆದ ಮೇಲೆ ಒಪ್ಪದಿರಬಹುದು. ಇನ್ನು ಕೆಲವನ್ನು ಶುರು ಮಾಡುವಾಗಲೇ ಯಾವಾಗಲೂ ಇಂಟರ್ನೆಟ್‌ನಲ್ಲಿರಬೇಕು, ಕಂಪನಿಯ ಇಂಕೇ ಹಾಕಬೇಕು ಅಂತ ಒಪ್ಪಿಗೆ ಕೇಳುತ್ತಾರೆ. ತಿಂಗಳ ಚಂದಾ ಕಟ್ಟಿ ಇಂಕ್ ತರಿಸಿಕೊಳ್ಳುವ ಯೋಜನೆಗಳೂ ಇವೆ, ಪ್ರತಿ ತಿಂಗಳು ಪುಟ ಒಂದೇ ಸಮ ಇರುವವರಿಗೆ ಅದು ಲಾಭ ಆಗಬಹುದು. ಆದರೆ ಚಂದಾ ನಿಲ್ಲಿಸಿದ ಮೇಲೆ ಒಳಗಿರುವ ಕಾರ್ಟ್ರಿಜ್ ಕೆಲಸ ಮಾಡುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ. ನಾನು ದುಡ್ಡು ಕೊಟ್ಟು ಕೊಂಡ ಮೆಷಿನ್‌ಗೆ ಯಾವ ಇಂಕ್ ಹಾಕಬೇಕು ಅನ್ನುವುದು ನನ್ನ ಕೈಯಲ್ಲೇ ಇರಬೇಕು, ಈ ವಿಷಯದಲ್ಲಿ ನಾನು ಗಟ್ಟಿ. ಹಾಗಿದ್ದರೂ ವಾರಂಟಿ ಮುಗಿಯುವ ತನಕ ಕಂಪನಿಯ ಇಂಕ್ ಬಾಟಲಿಯನ್ನೇ ತಂದೆ. ಟ್ಯಾಂಕ್‌ನಲ್ಲಿ ಪುಟಕ್ಕೆ ಬೀಳುವ ಖರ್ಚು ಎಷ್ಟು ಕಡಿಮೆ ಅಂದರೆ ಅಗ್ಗದ ಇಂಕ್ ಹಾಕಿ ಹೆಡ್‌ಗೆ ಅಪಾಯ ತಂದುಕೊಳ್ಳುವುದು ಬೇಡ ಅನ್ನಿಸಿತು. ವಾರಂಟಿಯಲ್ಲೂ ಒಂದು ಗುಟ್ಟಿದೆ, ಕೆಲವದಕ್ಕೆ ಇಷ್ಟು ವರ್ಷ ಅಥವಾ ಇಷ್ಟು ಪುಟ, ಯಾವುದು ಮೊದಲೋ ಅದು ಅಂತ ಇರುತ್ತದೆ.

ಕಪ್ಪು ಇಂಕ್ ಪಿಗ್ಮೆಂಟೋ ಡೈಯೋ ಅಂತಲೂ ಕೇಳಿ. ಪಿಗ್ಮೆಂಟ್ ಅಂದರೆ ಕರಗದ ಬಣ್ಣದ ಕಣ ಇರುವ ಇಂಕ್, ಕಾಗದದ ಮೇಲೆ ಕೂರುತ್ತದೆ, ಅಕ್ಷರ ಚೂಪಾಗಿ ಬರುತ್ತದೆ, ನೀರಿಗೆ ಬೇಗ ಹರಡುವುದಿಲ್ಲ. ಡೈ ಪೂರ್ತಿ ಕರಗಿದ ಬಣ್ಣ, ಫೋಟೋಗೆ ಚೆಂದ, ಅಕ್ಷರಕ್ಕೆ ಅಷ್ಟಿಲ್ಲ. ಅಂಗಡಿಯಲ್ಲಿ ಮಾದರಿ ಪುಟ ಇದ್ದರೆ ಬೆರಳು ಒದ್ದೆ ಮಾಡಿ ಕಪ್ಪು ಅಕ್ಷರದ ಮೇಲೆ ಉಜ್ಜಿ. ಬೆರಳು ಕಪ್ಪಾದರೆ, ಅಕ್ಷರ ಕದಡಿದರೆ ಅದು ಡೈ ಅಂತಲೇ ತಿಳಿಯಿರಿ. ಅರ್ಜಿ, ಪತ್ರ ಇಂಥದ್ದಕ್ಕೆ ಪ್ರಿಂಟರ್ ಬೇಕಾದವರು ಪಿಗ್ಮೆಂಟ್ ಕಪ್ಪು ಇರುವುದನ್ನೇ ನೋಡಿ.

ಇನ್ನು ಮನೆಯಲ್ಲಿ ಅದು ಹೇಗೆ ನಡೆದಿದೆ ಅಂತ. ಮೊದಲ ದಿನ ನಾಲ್ಕು ಬಾಟಲಿ ಸುರಿಯುವುದು ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ಬಾಟಲಿಯನ್ನು ಟ್ಯಾಂಕಿನ ಬಾಯಿಗೆ ತಲೆಕೆಳಗಾಗಿ ಕೂರಿಸಿದರೆ ತಾನೇ ಇಳಿಯುತ್ತದೆ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ಆಮೇಲೆ ಇಂಕ್ ಪೈಪುಗಳನ್ನು ದಾಟಿ ಹೆಡ್ ತನಕ ಬರಲು ಹತ್ತು ನಿಮಿಷ ಹಿಡಿಯಿತು, ಆಗ ಮೆಷಿನ್ ಆಫ್ ಮಾಡಬಾರದು. ಆ ಪೈಪುಗಳು ತುಂಬಲೇ ಸ್ವಲ್ಪ ಇಂಕ್ ಹೋಗುತ್ತದೆ, ಹಾಗಾಗಿ ಮೊದಲ ಸೆಟ್ ಬಾಟಲಿಗೆ ಹೇಳಿದಷ್ಟು ಪುಟ ಬರುವುದಿಲ್ಲ. ಟ್ಯಾಂಕ್ ತುಂಬಿದ ಮೇಲೆ ಮೆಷಿನನ್ನು ಓರೆ ಮಾಡಬೇಡಿ, ಒಂದು ಕಡೆ ಇಟ್ಟರೆ ಅಲ್ಲೇ ಇರಲಿ.

ಆಫ್ ಮಾಡುವುದು ಯಾವಾಗಲೂ ಮೆಷಿನ್ ಮೇಲಿನ ಬಟನ್‌ನಿಂದ. ಗೋಡೆಯ ಸ್ವಿಚ್ ನೇರವಾಗಿ ಆರಿಸಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುವುದಿಲ್ಲ, ತೆರೆದೇ ಇದ್ದು ಬೇಗ ಒಣಗುತ್ತದೆ. ಹಳೇ ಪ್ರಿಂಟರನ್ನು ನಾವು ಮೂರು ವರ್ಷ ಗೋಡೆಯ ಸ್ವಿಚ್‌ನಿಂದಲೇ ಆರಿಸಿದ್ದೆವು, ಯಾರೂ ಹೇಳಿರಲಿಲ್ಲ. ಈಗ ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ.

ಒಂದು ಸಲ ತೊಂದರೆ ಬಂದಿದೆ. ಮೂರು ವಾರ ಊರಲ್ಲಿರಲಿಲ್ಲ, ಬಂದು ನಾಝಲ್ ಚೆಕ್ ಪುಟ ತೆಗೆದೆ. ಆ ಪುಟದಲ್ಲಿ ಪ್ರತಿ ಬಣ್ಣಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಸಣ್ಣ ಗೆರೆಗಳಿರುತ್ತವೆ, ಒಂದೊಂದು ಗೆರೆ ಒಂದೊಂದು ತೂತಿನದು. ಕೆಂಪಿನ ಮೆಟ್ಟಿಲಲ್ಲಿ ಏಳು ಗೆರೆ ಇರಲಿಲ್ಲ, ಬಾಯಲ್ಲಿ ಹಲ್ಲು ಉದುರಿದ ಹಾಗೆ. ಹಿಂದಿನ ಸಲದಂತೆ ಮೇಲಿಂದ ಮೇಲೆ ಕ್ಲೀನಿಂಗ್ ಕೊಡಲಿಲ್ಲ. ಒಂದೇ ಸಲ ಕೊಟ್ಟೆ, ಏಳರಲ್ಲಿ ನಾಲ್ಕು ಬಂತು. ರಾತ್ರಿ ಹಾಗೇ ಬಿಟ್ಟೆ, ಹೊಸ ಇಂಕಿಗೆ ಒಣಗಿದ್ದು ನೆನೆದು ಸಡಿಲ ಆಗಲಿ ಅಂತ. ಬೆಳಿಗ್ಗೆ ಇನ್ನೊಂದು ಸಲ ಕೊಟ್ಟಾಗ ಏಳೂ ಬಂದವು. ಕ್ಲೀನಿಂಗ್‌ನಲ್ಲಿ ಹೊರಬಂದ ಇಂಕ್ ಎಲ್ಲಿ ಹೋಗುತ್ತದೆ ಗೊತ್ತಾ? ಮೆಷಿನ್ ತಳದಲ್ಲಿ ಸ್ಪಂಜಿನಂಥ ಪ್ಯಾಡ್ ಇರುತ್ತದೆ, ಅದು ಹೀರಿಕೊಳ್ಳುತ್ತದೆ. ಅದು ತುಂಬಿದೆ ಅಂತ ಲೆಕ್ಕ ಬಂದ ದಿನ ಮೆಷಿನ್ ಪ್ರಿಂಟ್ ನಿಲ್ಲಿಸಿಬಿಡುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಆ ಪ್ಯಾಡ್ ಒಂದು ಡಬ್ಬಿಯಲ್ಲಿದ್ದು ನಾವೇ ಎರಡು ನಿಮಿಷದಲ್ಲಿ ಬದಲಿಸಬಹುದು, ಮೇಂಟೆನೆನ್ಸ್ ಬಾಕ್ಸ್ ಅಂತ ಕರೆಯುತ್ತಾರೆ. ಎರಡು ಮೆಷಿನ್ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಇದು ಇರುವುದನ್ನೇ ತಗೊಳ್ಳಿ. ನಮ್ಮದರಲ್ಲಿ ಇಲ್ಲ. ಮತ್ತೆ ಕೊಳ್ಳುವುದಾದರೆ ನಾನು ಬದಲಾಯಿಸುವ ಒಂದೇ ವಿಷಯ ಇದು.

ಕಾಗದಕ್ಕೆ 75 ಅಥವಾ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂನಲ್ಲಿ) ಚೆನ್ನಾಗಿ ಹೊಂದಿದೆ. ಹಿಂದಿನಿಂದ ಕಾಗದ ಇಡುವ ಮೆಷಿನ್ ಆದ್ದರಿಂದ ಹಾಳೆಗಳನ್ನು ಅಲ್ಲೇ ಬಿಡುವುದಿಲ್ಲ, ಧೂಳು ಒಳಗೆ ಹೋಗುತ್ತದೆ, ತೇವ ಹೀರಿ ಹಾಳೆ ಬಾಗುತ್ತದೆ, ಎರಡೆರಡು ಒಟ್ಟಿಗೆ ಒಳಗೆಳೆಯುತ್ತದೆ. ಬೇಕಾದಷ್ಟು ತೆಗೆದು, ಅಂಚನ್ನು ಒಮ್ಮೆ ಬೆರಳಲ್ಲಿ ಬಿಡಿಸಿ ಇಡುತ್ತೇನೆ.

ಪ್ರತಿ ಭಾನುವಾರ ಮಗಳು ತಾನು ಬಿಡಿಸಿದ ಒಂದು ಚಿತ್ರವನ್ನು ಬಣ್ಣದಲ್ಲಿ ಜೆರಾಕ್ಸ್ ಮಾಡುತ್ತಾಳೆ. ನಾಲ್ಕೂ ಬಣ್ಣ ಓಡಾಡಲಿ ಅಂತ ನಾನು ಹೇಳಿಕೊಟ್ಟದ್ದು, ಈಗ ಅದು ಅವಳ ಕೆಲಸ, ಮರೆತರೆ ಅವಳೇ ನೆನಪಿಸುತ್ತಾಳೆ. ಹೋದ ವಾರ ಸ್ಟೇಟಸ್ ಪುಟ ತೆಗೆದು ನೋಡಿದೆ, ಒಟ್ಟು 3,870 ಪುಟ ಅಂತಿತ್ತು. ಕಪ್ಪು ಟ್ಯಾಂಕಿಗೆ ಇಷ್ಟರಲ್ಲಿ ಒಂದು ಸಲ ಹೊಸ ಬಾಟಲಿ ಸುರಿದಿದ್ದೇನೆ. ಹಳದಿ ಇನ್ನೂ ಮೊದಲ ದಿನ ಹಾಕಿದ್ದೇ ನಡೆಯುತ್ತಿದೆ, ಟ್ಯಾಂಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲಿದೆ.